ಅಟ್ಟದಲ್ಲಿ ಸಿಕ್ಕ ಅಜ್ಜನ ಕೇಪಿನ ಕೋವಿ: ಟಿಪ್ಪುವಿನದ್ದಾ? ಬೆಲೆ ಎಷ್ಟು?

ಓದುಗರ ಪ್ರಶ್ನೆ:

"ಸರ್, ನಮ್ಮದು ಕೊಪ್ಪದ ಹತ್ತಿರ ಅಡಿಕೆ ತೋಟ. ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದಲ್ಲಿ ಗೋಣಿಚೀಲ ಸುತ್ತಿಟ್ಟ ಅಜ್ಜನ ಕೋವಿ ಸಿಕ್ಕಿತು. ಬಾಯಿಂದ ಮದ್ದು ತುಂಬಿ, ಪೆಟ್ಟಿಗೆ ಸಿಡಿಯುವ ಪುಟ್ಟ ಕೇಪಿನಿಂದ ಹಾರಿಸುವ ಕೇಪಿನ ಕೋವಿ. ಉದ್ದ ನಾಲ್ಕೂವರೆ ಅಡಿ ಚಿಲ್ಲರೆ. ನಳಿಗೆಯನ್ನು ಮರಕ್ಕೆ ಮೂರು ಕಬ್ಬಿಣದ ಪಟ್ಟಿ ಹಿಡಿದಿವೆ. ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯ) ಹಿಂದೆ ಕಿರೀಟ, ಅದರ ಕೆಳಗೆ ವಿ.ಆರ್. ಅಂತ ಇದೆ. ಮುಂದೆ ಟವರ್ ಅಂತ ಇದೆ, ಜೊತೆಗೆ ಇಸವಿ 186 ವರೆಗೆ ಓದಬಹುದು, ಕೊನೆ ಅಂಕಿ ಸವೆದಿದೆ. ನಳಿಗೆಯ ಬಾಯಿ ಅಳೆದರೆ ಹದಿನಾರೂವರೆಯಿಂದ ಹದಿನೇಳು ಮಿಲಿಮೀಟರ್ ಬರುತ್ತೆ. ಒಳಗೆ ಗೀರು ಕಾಣಲಿಲ್ಲ. ಅಣ್ಣ ಇದು ಸಿಪಾಯಿ ದಂಗೆಯ ರೈಫಲ್ ಅಂತಾನೆ. ಊರಲ್ಲಿ ಟಿಪ್ಪುವಿನ ಕೋವಿ ಅಂತ ಸುದ್ದಿ. ಯಾರೋ ಒಬ್ಬರು ಬಂದು ಎಂಟು ಲಕ್ಷಕ್ಕೆ ಕೇಳಿದ್ದಾರೆ, ಆದರೆ ಮೊದಲು ಟೆಸ್ಟಿಂಗ್‌ಗೆ ನಲವತ್ತು ಸಾವಿರ ನಾವೇ ಕೊಡಬೇಕಂತೆ. ಅಜ್ಜನ ಲೈಸೆನ್ಸ್ ಪುಸ್ತಕ ಇದೆ, ಕೊನೆಯ ರಿನ್ಯೂವಲ್ 1988. ಅಜ್ಜ ಹೋಗಿ ಮೂವತ್ತು ವರ್ಷದ ಮೇಲಾಯ್ತು. ಇದು ನಿಜಕ್ಕೂ ಯಾವ ಕೋವಿ? ಎಷ್ಟು ಬೆಲೆ ಬರಬಹುದು? ತುಕ್ಕು ತೆಗೆಸಿ, ಮಂಗ ಓಡಿಸೋಕಾದರೂ ಒಂದು ಈಡು ಹೊಡೆಯಬಹುದಾ?"

ಉತ್ತರ:

ಬೆಲೆ, ಟಿಪ್ಪು ಎಲ್ಲ ಆಮೇಲೆ. ಇಷ್ಟು ವಿವರವಾಗಿ ಬರೆದಿದ್ದೀರಿ, ಆದರೆ ಕೋವಿ ಖಾಲಿ ಇದೆಯಾ ಅಂತ ಮಾತ್ರ ಬರೆದಿಲ್ಲ. ಅಟ್ಟದಿಂದ ಇಳಿಯುವ ಕೇಪಿನ ಕೋವಿಗಳಲ್ಲಿ ತುಂಬಿದ್ದು ತುಂಬಿದ ಹಾಗೇ ಇರುವುದು ಅಪರೂಪವೇನಲ್ಲ. ಹಂದಿ ಕಾಯೋಕೆ ಸಂಜೆ ಮದ್ದು ಜಡಿದು ಇಟ್ಟಿರುತ್ತಾರೆ, ಹಂದಿ ಬಂದಿರುವುದಿಲ್ಲ, ಬಾಯಿಂದ ತುಂಬಿದ್ದನ್ನು ಹೊರಗೆ ತೆಗೆಯುವುದು ದೊಡ್ಡ ರಗಳೆ, ಹಾಗೇ ಗೋಡೆಗೆ ಒರಗಿಸಿ ಕೇಪು ಮಾತ್ರ ತೆಗೆದಿಡುತ್ತಾರೆ. ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಒಣಗಿದ್ದರೆ ನೂರು ವರ್ಷ ಕಳೆದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಳೇದು, ಸತ್ತುಹೋಗಿರುತ್ತೆ ಅನ್ನುವ ಮಾತು ನಂಬಬೇಡಿ.

ನೋಡುವುದು ಹೀಗೆ. ಕುದುರೆಯ ಕೆಳಗೆ ಕೇಪು ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಇದ್ದರೆ ಏನೂ ಮುಟ್ಟದೆ ಅಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ನಳಿಗೆಯ ಬಾಯಿ ಯಾರ ಕಡೆಗೂ ಇಲ್ಲದ ಹಾಗೆ, ನಿಮ್ಮ ಮುಖವೂ ಎದುರಿಗೆ ಬಾರದ ಹಾಗೆ ಮಲಗಿಸಿ, ಒಂದು ತೆಳ್ಳನೆ ಮರದ ಕಡ್ಡಿ ನಿಧಾನಕ್ಕೆ ಒಳಗೆ ಬಿಡಿ. ಕಬ್ಬಿಣದ ಸರಳು ಬೇಡ. ಕಡ್ಡಿ ತಡೆದ ಕಡೆ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ನೋಡಿ. ತುದಿ ಹೆಚ್ಚುಕಡಿಮೆ ಕೇಪು ಕೂರಿಸುವ ಮೊಳೆಯ ಬುಡದ ತನಕ ಬರಬೇಕು. ಎರಡು ಮೂರು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಕಣಜ ಕಟ್ಟಿದ ಮಣ್ಣಿನ ಗೂಡೂ ಇರಬಹುದು, ಆದರೆ ನೀವು ಅದನ್ನು ಮದ್ದು ಅಂತಲೇ ತಿಳಿಯಿರಿ. ಕೊರೆಯಬೇಡಿ, ಬಿಸಿ ಮಾಡಬೇಡಿ, ಪೇಟೆಯ ವೆಲ್ಡಿಂಗ್ ಅಂಗಡಿಗೆ ಕೊಡಲೇಬೇಡಿ. ಠಾಣೆಗೆ ತಿಳಿಸಿ, ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಇಂಥದ್ದನ್ನು ಖಾಲಿ ಮಾಡಲು ಬಲ್ಲವರು ಇರುತ್ತಾರೆ.

ಸರಿ, ಈಗ ಟಿಪ್ಪು. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಪಾಳುಬಾವಿಯಿಂದ ಟಿಪ್ಪು ಕಾಲದ ರಾಕೆಟ್‌ಗಳು ಸಾವಿರಕ್ಕೂ ಜಾಸ್ತಿ ಸಿಕ್ಕವಲ್ಲ, ಆಮೇಲಿಂದ ಮಲೆನಾಡಿನ ಪ್ರತಿ ಅಟ್ಟದಲ್ಲೂ ಟಿಪ್ಪುವಿನದ್ದೇನೋ ಇದೆ ಅಂತ ಜನಕ್ಕೆ ಅನಿಸಿಬಿಟ್ಟಿದೆ. ಅದಕ್ಕೂ ಮೊದಲು 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಆಯುಧಗಳು ಎಲ್ಲ ಸೇರಿ ಸುಮಾರು 60 ಲಕ್ಷ ಪೌಂಡಿಗೆ ಹೋದವು, ಆ ಸುದ್ದಿಯೂ ಎಲ್ಲರ ಕಿವಿಗೆ ಬಿದ್ದಿದೆ. ಆದರೆ ನಿಮ್ಮದು ಟಿಪ್ಪುವಿನದ್ದಲ್ಲ. ಇದನ್ನು ಹೇಳೋಕೆ ಫೋಟೋ ಕೂಡ ಬೇಡ.

ಯಾಕೆ ಅಂದರೆ ಕೇಪು. ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನಿಂದ ಕೋವಿ ಹಾರಿಸುವ ಉಪಾಯಕ್ಕೆ ಅಲೆಕ್ಸಾಂಡರ್ ಫೋರ್ಸಿತ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ ಪೇಟೆಂಟ್ ಪಡೆದದ್ದು 1807ರಲ್ಲಿ. ತಾಮ್ರದ ಟೋಪಿಯಂಥ ಕೇಪು ಬಳಕೆಗೆ ಬಂದದ್ದು ಇನ್ನೂ ಆಮೇಲೆ, ಬ್ರಿಟಿಷ್ ಸೈನ್ಯ ಅದಕ್ಕೆ ಬದಲಾದದ್ದು 1840ರ ಆಸುಪಾಸಿನಲ್ಲಿ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4. ಅವನ ಕಾಲದ ಕೋವಿಗಳು ಚಕಮಕಿ ಕಲ್ಲಿನವು ಇಲ್ಲವೇ ಬತ್ತಿಯವು. ಅವನ ಖಾಸಾ ಆಯುಧಶಾಲೆಯ ಕೋವಿ ಆಗಿದ್ದರೆ ನಳಿಗೆ, ಕುದುರೆ, ಮರ ಎಲ್ಲೆಂದರಲ್ಲಿ ಹುಲಿಪಟ್ಟೆ, ಹುಲಿತಲೆ, ಪರ್ಷಿಯನ್ ಬರಹ, ಅವನದ್ದೇ ಮೌಲೂದಿ ಶಕೆಯ ಇಸವಿ ಇರುತ್ತಿತ್ತು. ವಿಕ್ಟೋರಿಯಾ ರಾಣಿಯ ಕಿರೀಟ, ಅವಳ ಹೆಸರಿನ ವಿ.ಆರ್. ಹೊತ್ತ ಕೋವಿ ಟಿಪ್ಪುವಿನದ್ದು ಹೇಗಾದೀತು? ಕಲ್ಲಿನ ಕೋವಿಯನ್ನು ಆಮೇಲೆ ಕೇಪಿಗೆ ಬದಲಾಯಿಸಿದ್ದೂ ಉಂಟು, ನಿಜ. ಹಾಗಿದ್ದರೆ ಕುದುರೆ ಕೂತಿರುವ ಪಕ್ಕದ ಲೋಹದ ತಗಡಿನಲ್ಲಿ, ಅಂದರೆ ಲಾಕ್ ಪ್ಲೇಟಿನಲ್ಲಿ, ಮುಚ್ಚಿದ ಹಳೇ ತೂತುಗಳ ಕಲೆ ಕಾಣುತ್ತದೆ. 1860ರ ದಶಕದ ಪ್ಲೇಟಿನಲ್ಲಿ ಅದನ್ನು ಹುಡುಕುವ ಪ್ರಶ್ನೆಯೇ ಇಲ್ಲ.

ಇನ್ನು ನಿಮ್ಮ ಅಣ್ಣನ ಮಾತು. ಅವರು ಅರ್ಧ ಸರಿ.

ಮೂರು ಪಟ್ಟಿ, ನಾಲ್ಕೂವರೆ ಅಡಿ ಮೇಲೆ ಉದ್ದ, ಕಿರೀಟದ ಕೆಳಗೆ ವಿ.ಆರ್., ಮುಂದೆ ಟವರ್, ಇಸವಿ. ಇದೆಲ್ಲ ಬ್ರಿಟಿಷ್ ಸೈನ್ಯದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಮನೆತನದ ಲಕ್ಷಣ. ಗಾಯಕ್ಕೆ ಉಪ್ಪು ಸವರಿದ ಹಾಗೆ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ, ದನ ಮತ್ತು ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿಯ ತೋಟೆ ಇದೇ ರೈಫಲಿನದ್ದು. ಅಸಲಿ ರೈಫಲ್ ಆದರೆ ನಳಿಗೆ 39 ಇಂಚು, ಒಳಗೆ ಸುತ್ತುತ್ತಾ ಹೋಗುವ ಮೂರು ಗೀರು, ಬಾಯಿಯ ಅಗಲ ಪಾಯಿಂಟ್ 577 ಇಂಚು, ಅಂದರೆ ಸುಮಾರು 14.7 ಮಿಲಿಮೀಟರ್. ನಿಮ್ಮ ಅಳತೆ ಹದಿನಾರೂವರೆ ದಾಟಿದೆ, ಗೀರೂ ಇಲ್ಲ. ಇಲ್ಲೇ ಕಥೆ ಇರೋದು.

ದಂಗೆ ಮುಗಿದ ಮೇಲೆ ಬ್ರಿಟಿಷರು ದೇಶೀ ಸಿಪಾಯಿಗಳ ಕೈಗೆ ದೂರ ಹೊಡೆಯುವ ರೈಫಲ್ ಕೊಡಲು ಹೆದರಿದರು. ನೋಡೋಕೆ ಅದೇ ಎನ್‌ಫೀಲ್ಡ್, ಆದರೆ ಒಳಗೆ ಗೀರಿಲ್ಲದ, ನುಣ್ಣಗಿನ, ಅಗಲ ನಳಿಗೆಯ ಮಸ್ಕೆಟ್ ಮಾಡಿಸಿದರು. ಬಾಯಿ ಪಾಯಿಂಟ್ 656 ಇಂಚು, ಸುಮಾರು 16.7 ಮಿಲಿಮೀಟರ್. ಮೊದಲಿಗೆ ಇದ್ದ ನಳಿಗೆಯನ್ನೇ ಕೊರೆದು ಹಿಗ್ಗಿಸಿದ್ದರು, ತೆಳುವಾಗಿ ಉಬ್ಬುವುದು ಬಾಗುವುದು ಆಯ್ತು. ಆಮೇಲೆ 1859ರ ಮಾದರಿಗೆ ದಪ್ಪ ನಳಿಗೆ ಹಾಕಿದರು. ನಿಮ್ಮ ಅಳತೆ, ಇಸವಿ ಎರಡೂ ಇದಕ್ಕೆ ಕೂಡಿಬರುತ್ತವೆ. ಹಾಗಾಗಿ ನಿಮ್ಮದು ದಂಗೆಯ ಕೋವಿ ಅನ್ನುವುದಕ್ಕಿಂತ ದಂಗೆ ಆದ ಮೇಲಿನ ಹೆದರಿಕೆಯ ಕೋವಿ ಅನ್ನಬಹುದು. ನನಗೆ ಕೇಳಿದರೆ ಟಿಪ್ಪು ಕಥೆಗಿಂತ ಇದೇ ರುಚಿ ಜಾಸ್ತಿ.

ಆದರೂ ಇನ್ನೊಂದು ಸಾಧ್ಯತೆ ಉಳಿಯುತ್ತದೆ. ಸೈನ್ಯ ಮಾರಿಬಿಟ್ಟ ನಿಜವಾದ ರೈಫಲ್‌ಗಳ ಗೀರು ಕೊರೆದು ಹಾಕಿ, ಚರೆ ಹೊಡೆಯುವ ಕೋವಿ ಮಾಡಿ ಜನರಿಗೆ ಮಾರಿದ್ದೂ ಇದೆ. ಎರಡನ್ನೂ ಬೇರೆ ಮಾಡಲು ನಳಿಗೆಯ ಮೇಲೆ, ಕುದುರೆಗೆ ಸ್ವಲ್ಪ ಮುಂದೆ, ಗುರಿ ನೋಡುವ ಜಾಗ ನೋಡಿ. ರೈಫಲಿಗೆ ಅಲ್ಲಿ ಏಣಿಯ ಹಾಗೆ ಮೇಲೆತ್ತುವ, ನೂರಾರು ಗಜದ ಅಂಕಿ ಕೊರೆದ ಪಟ್ಟಿ ಇರುತ್ತದೆ. ಸಿಪಾಯಿ ಮಸ್ಕೆಟ್ಟಿಗೆ ಅಲ್ಲಾಡದ ಒಂದು ಚಿಕ್ಕ ದಿಂಡು, ನಡುವೆ ಒಂದು ಕಚ್ಚು, ಅಷ್ಟೆ. ಏಣಿ ಕಿತ್ತುಹೋಗಿ ಬೆಸುಗೆಯ ಚೌಕ ಕಲೆ ಮಾತ್ರ ಉಳಿದಿದ್ದರೆ ರೈಫಲನ್ನು ಕೊರೆದದ್ದು ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಬಾಯಿಯ ಅಳತೆ ಒಂದನ್ನೇ ನಂಬಬೇಡಿ, ಮದ್ದು ಜಡಿಯುವ ಸರಳು ಉಜ್ಜಿ ಉಜ್ಜಿ, ತುಕ್ಕು ತಿಂದು, ಬಾಯಿ ಒಂದಿಷ್ಟು ಅಗಲ ಆಗಿರುತ್ತದೆ.

ಟವರ್ ಅಂತ ಬರೆದ ಮಾತ್ರಕ್ಕೆ ಲಂಡನ್ನಿನ ಕೋಟೆಯೊಳಗೆ ಕೂತು ಮಾಡಿದ್ದು ಅಂತಲ್ಲ. ಬರ್ಮಿಂಗ್‌ಹ್ಯಾಮ್‌ನ ಗುತ್ತಿಗೆದಾರರು ಮಾಡಿದ ಬಿಡಿಭಾಗಕ್ಕೂ ಅದೇ ಮುದ್ರೆ. ಪ್ಲೇಟಿನ ಮೇಲಿನ ಇಸವಿಯೂ ಆ ಪ್ಲೇಟಿನ ಇಸವಿ ಅಷ್ಟೆ, ನಳಿಗೆ ಬೇರೆ ಕೋವಿಯದ್ದು ಇರಬಹುದು. ಜೊತೆಗೆ ಕಿರೀಟ, ಟವರ್ ಹೊಡೆದ ಹೊಸ ನಕಲುಗಳು ಉತ್ತರ ಭಾರತದಲ್ಲಿ ಇವತ್ತಿಗೂ ತಯಾರಾಗುತ್ತವೆ, ಹೊರದೇಶದಲ್ಲಿ ಹಳೇ ಯುದ್ಧದ ಆಟ ಆಡುವವರಿಗೆ, ಇಲ್ಲಿ ಗೋಡೆ ಅಲಂಕಾರಕ್ಕೆ. ಖೈಬರ್ ಕಣಿವೆಯ ಕಡೆಯ ಕುಲುಮೆಗಳಲ್ಲಿ ಮಾಡಿದವು ಇನ್ನೊಂದು ಬಗೆ. ಅಕ್ಷರ ಗೊತ್ತಿಲ್ಲದೆ ಮುದ್ರೆ ನಕಲು ಮಾಡಿದ್ದರಿಂದ ಎನ್ ಅಕ್ಷರ ಉಲ್ಟಾ, ಕಾಗುಣಿತ ತಪ್ಪು, ರಾಣಿ ತೀರಿಕೊಂಡ 1901ರ ಆಚೆಯ ಇಸವಿಯ ಜೊತೆಗೂ ವಿ.ಆರ್.! ನಿಮ್ಮದು ಲೈಸೆನ್ಸ್ ಪುಸ್ತಕದ ಜೊತೆಗೇ ಅಟ್ಟದಲ್ಲಿ ಇದ್ದದ್ದು, ಹಾಗಾಗಿ ಹೊಸ ನಕಲಿನ ಚಿಂತೆ ಕಡಿಮೆ.

ಅಸಲಿಗೆ ಸಾಕ್ಷಿ ಸಣ್ಣ ಸಣ್ಣ ಗುರುತುಗಳು. ನಳಿಗೆಯ ಬುಡದಲ್ಲಿ, ಎಡಗಡೆ, ಕಿರೀಟದ ಪುಟ್ಟ ಮುದ್ರೆಗಳು ಇರಬೇಕು, ಅವು ಪರೀಕ್ಷೆ ಮಾಡಿದವರ ಗುರುತು. ಅಗಲ ಬಾಣದ ಗುರುತು ಇದ್ದರೆ ಸರಕಾರಿ ಸ್ವತ್ತು ಆಗಿತ್ತು ಅಂತ. ಎರಡು ಬಾಣ ಮೂತಿಗೆ ಮೂತಿ ತಾಗಿಸಿ ಹೊಡೆದಿದ್ದರೆ ಸರಕಾರ ಅದನ್ನು ಅಧಿಕೃತವಾಗಿ ಮಾರಿಬಿಟ್ಟಿದೆ ಅಂತ. ಹೆಗಲಿಗೆ ಕೊಡುವ ತುದಿಗೆ ಹಿತ್ತಾಳೆ ತಗಡು ಇದೆಯಲ್ಲ, ಅದರ ಮೇಲ್ಭಾಗದ ನಾಲಿಗೆಯಂಥ ಜಾಗದಲ್ಲಿ ರೆಜಿಮೆಂಟಿನ ಅಕ್ಷರ, ಕೋವಿಯ ನಂಬರು ಕೊರೆದಿರುವ ಸಾಧ್ಯತೆ ಇದೆ. ಅದು ಓದಲು ಬಂದರೆ ನಿಮ್ಮ ಕೋವಿಗೆ ಊರು ಹೆಸರು ಸಿಕ್ಕ ಹಾಗೆ. ದಯವಿಟ್ಟು ಆ ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೀಪಾವಳಿಗೆ ಫಳಫಳ ಹೊಳೆಸಿ ನಂಬರನ್ನೇ ಅಳಿಸಿ ತಂದವರನ್ನು ಕಂಡಿದ್ದೇನೆ. ಮರ ಮೂಲದ್ದೇ ಆಗಿದ್ದರೆ ಅಕ್ರೋಟಿನದ್ದು ಇರುತ್ತದೆ. ಬೀಟೆಯೋ ಹಲಸೋ ಆದರೆ ಇಲ್ಲಿನ ಆಚಾರಿ ಆಮೇಲೆ ಕೂರಿಸಿದ್ದು.

ಎಂಟು ಲಕ್ಷದವರ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಕೊಳ್ಳುವವನು ಮಾರುವವನ ಹತ್ತಿರ ಟೆಸ್ಟಿಂಗ್ ದುಡ್ಡು ಕೇಳುವುದು ಎಲ್ಲಿಯ ವ್ಯಾಪಾರ? ಅಕ್ಕಿ ಎಳೆಯುವ ಪಾತ್ರೆ, ಎರಡು ತಲೆ ಹಾವು, ಕಂಪನಿ ಕಾಲದ ನಾಣ್ಯ, ಈಗ ಕೋವಿ. ನಾಟಕ ಒಂದೇ, ಸಾಮಾನು ಮಾತ್ರ ಬೇರೆ. ನಲವತ್ತು ಸಾವಿರ ಕೊಟ್ಟರೆ ಅವರು ಮತ್ತೆ ಸಿಗುವುದಿಲ್ಲ. ಕೆಟ್ಟದ್ದು ಏನೆಂದರೆ ನೀವು ದೂರು ಕೊಡಲೂ ಹಿಂದೆಮುಂದೆ ನೋಡುತ್ತೀರಿ, ಯಾಕೆಂದರೆ ಕೋವಿಯ ಕಾಗದ ಸರಿ ಇಲ್ಲ. ಅವರಿಗೆ ಅದು ಚೆನ್ನಾಗಿ ಗೊತ್ತು.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಆ 1988. ಅಜ್ಜನ ಲೈಸೆನ್ಸ್ ಅಜ್ಜನ ಜೊತೆಗೇ ಮುಗಿಯಿತು. ಇವತ್ತು ಆ ಕೋವಿ ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಇದೆ, ಮತ್ತು ಅದು ಜೈಲು ಶಿಕ್ಷೆ ಇರುವ ಅಪರಾಧ. ಹಳೇ ಕೋವಿಗೆ ಲೈಸೆನ್ಸೇ ಬೇಡ ಅಂತ ಯಾರಾದರೂ ಹೇಳಿಯೇ ಇರುತ್ತಾರೆ, ಅಲ್ವಾ? 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೇ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಅದರ ಜೊತೆ ಒಂದು ಶರತ್ತಿದೆ: ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದ ಸ್ಥಿತಿಯಲ್ಲಿ ಇರಬೇಕು. ಕುದುರೆ ಏಳುತ್ತದೆ, ನಳಿಗೆ ನೆಟ್ಟಗಿದೆ ಅಂದರೆ ಆ ವಿನಾಯಿತಿ ನಿಮ್ಮ ಕೈಗೆ ಸಿಗುವುದಿಲ್ಲ.

2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಇಲಾಖೆ ನಿಯಮ ಸಡಿಲಿಸಿ, ಕ್ಯೂರಿಯೋ, ಅಂದರೆ ಅಪರೂಪದ ಸಂಗ್ರಹದ ವಸ್ತು, ಅನ್ನುವ ವರ್ಗಕ್ಕೆ ಸೇರುವ ಹಳೇ ಬಂದೂಕುಗಳನ್ನು ಭಾರತೀಯರು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಬಳಸಲು ಮತ್ತು ಸಾಗಿಸಲು ಮಾತ್ರ ಬೇಕು ಎಂದಿತು. ಇದನ್ನು ಮೊಬೈಲಿನಲ್ಲಿ ಓದಿ ನಿರಾಳ ಆಗಬೇಡಿ. ನಿಮ್ಮ ಕೋವಿ ಆ ವರ್ಗಕ್ಕೆ ಸೇರುತ್ತದೋ ಇಲ್ಲವೋ ಅಂತ ತೀರ್ಮಾನಿಸುವವರು ನೀವಲ್ಲ, ನಾನೂ ಅಲ್ಲ. ಬೆಳೆ ಕಾಯುವ ಕೋವಿ ಅಂತ ಅದು ಸರಕಾರದ ಪುಸ್ತಕದಲ್ಲಿ ಇತ್ತು. ಲೈಸೆನ್ಸ್ ಕೊಡುವ ಅಧಿಕಾರಿ ಬರಹದಲ್ಲಿ ಹೇಳಿದರೆ ಮಾತ್ರ ಅದಕ್ಕೆ ಬೆಲೆ. ಕೊಡಗಿನ ನೆಂಟರು ನಮಗೆ ಲೈಸೆನ್ಸೇ ಬೇಡ ಅನ್ನಬಹುದು. ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿ ವಂಶಪಾರಂಪರ್ಯದ ಜಮ್ಮಾ ಜಮೀನು ಹಿಡಿದವರಿಗೆ, ಈಗ 2029ರ ತನಕ ಇದೆ. ಕೊಪ್ಪದವರಿಗೆ ಅದು ತಾಗುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ಒಬ್ಬ ವಕೀಲರನ್ನು ಕಂಡು, ಕೋವಿ ಯಾವತ್ತು ಎಲ್ಲಿ ಸಿಕ್ಕಿತು ಅಂತ ಒಂದು ಅರ್ಜಿ ಬರೆಸಿ ಠಾಣೆಗೆ ಕೊಡಿ. ಜೊತೆಗೆ ಅಜ್ಜನ ಲೈಸೆನ್ಸ್ ಪುಸ್ತಕದ ನಕಲು, ಮರಣ ಪ್ರಮಾಣಪತ್ರ, ವಂಶವೃಕ್ಷ. ಕೋವಿಯನ್ನು ಸ್ಕೂಟರಿನಲ್ಲಿ ಕಟ್ಟಿಕೊಂಡು ಹೋಗಬೇಡಿ, ದಾರಿಯಲ್ಲಿ ಹಿಡಿದರೆ ನೀವು ಒಪ್ಪಿಸಲು ಹೊರಟದ್ದು ಅಂತ ಯಾರು ನಂಬಬೇಕು? ಹೇಗೆ ತರಬೇಕು ಅಂತ ಅವರನ್ನೇ ಕೇಳಿ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಠೇವಣಿ ಇಡಬಹುದು. ರಶೀದಿಯಲ್ಲಿ ನಂಬರು, ಗುರುತು, ಈಗಿನ ಸ್ಥಿತಿ ಬರೆಸಿಕೊಳ್ಳಿ. ಮೂವತ್ತು ವರ್ಷ ತಡ ಆದದ್ದಕ್ಕೆ ಪ್ರಶ್ನೆ ಬರುತ್ತದೆ, ಬೈಗುಳವೂ ಬರಬಹುದು. ಕೇಸೇ ಆಗುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ. ಆದರೆ ನೀವಾಗಿ ಹೋಗುವುದಕ್ಕೂ ಯಾರೋ ಹೇಳಿ ಅವರು ಹುಡುಕಿಕೊಂಡು ಬರುವುದಕ್ಕೂ ಬಹಳ ವ್ಯತ್ಯಾಸ ಇದೆ. ಊರಲ್ಲಿ ಸುದ್ದಿ ಆಗಲೇ ಹಬ್ಬಿದೆ ಅಂತ ನೀವೇ ಬರೆದಿದ್ದೀರಿ.

ಆಮೇಲೆ ನಿಮಗೆ ಬೇಕಾದ ದಾರಿ. ಇಟ್ಟುಕೊಳ್ಳುವ ಆಸೆ ಇದ್ದರೆ ವಾರಸುದಾರ ಅಂತ ಜಿಲ್ಲಾಧಿಕಾರಿಗೆ ಲೈಸೆನ್ಸಿಗೆ ಅರ್ಜಿ ಹಾಕಿ, 2016ರ ಆಯುಧ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆ. ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ, ಇಲ್ಲೇ ಎಷ್ಟೋ ಮನೆಗಳಲ್ಲಿ ಕೆಲಸ ನಿಲ್ಲುವುದು, ಅಣ್ಣನನ್ನು ಈಗಲೇ ಒಪ್ಪಿಸಿ. ಬೆಳೆ ಕಾಯಲು ಬಾಯಿಂದ ತುಂಬುವ ಕೋವಿಗೆ ಕಾಯ್ದೆಯಲ್ಲೇ ಪ್ರತ್ಯೇಕ ಜಾಗ ಇದೆ, ತೋಟ ಇರುವುದು ನಿಮಗೆ ಅನುಕೂಲ. ಆದರೆ ಅಜ್ಜನ ಪುಸ್ತಕದಲ್ಲಿ ಎಸ್.ಬಿ.ಎಂ.ಎಲ್. (ಬಾಯಿಂದ ತುಂಬುವ, ಒಂಟಿ ನಳಿಗೆಯ ಗೀರಿಲ್ಲದ ಕೋವಿ) ಅಂತ ಇದ್ದು ನಳಿಗೆಯಲ್ಲಿ ಗೀರು ಕಂಡರೆ ಅದು ಬೇರೆ ತೊಡಕು, ಅದಕ್ಕೇ ಅಳತೆ, ಗೀರು ಅಂತ ಅಷ್ಟೊಂದು ಬರೆದೆ. ನೆನಪಿಡಿ, 2019ರ ತಿದ್ದುಪಡಿ ಆದಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಬಂದೂಕು ಇರುವಂತಿಲ್ಲ, ಪಿತ್ರಾರ್ಜಿತ ಆದರೂ ಸರಿ.

ಬೇಡ ಅನಿಸಿದರೆ ಸರಕಾರಿ ಮ್ಯೂಸಿಯಂಗೆ ಕೊಡಬಹುದು, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಂ ನಿಮಗೆ ಹತ್ತಿರ. ದುಡ್ಡು ಬರುವುದಿಲ್ಲ, ಆದರೆ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುವುದಂತೂ ತಪ್ಪುತ್ತದೆ. ಅದೂ ಜಿಲ್ಲಾಧಿಕಾರಿಯ ಮೂಲಕವೇ ಆಗಬೇಕು.

ಮಾರುವುದಾದರೆ ಈಗ ಬೆಲೆ ಮಾತಾಡೋಣ. ಅಮೆರಿಕದಲ್ಲಿ 1898ರ ತನಕ ತಯಾರಾದ ಬಂದೂಕು ಅಲ್ಲಿನ ಕೇಂದ್ರ ಕಾನೂನಿನ ಲೆಕ್ಕದಲ್ಲಿ ಪುರಾತನ ವಸ್ತು, ಹಾಗಾಗಿ ಕೊಳ್ಳುವವರು ಜಾಸ್ತಿ. ಅಲ್ಲಿ ಕುಂದಿಲ್ಲದ 1853 ಎನ್‌ಫೀಲ್ಡ್ ನಮ್ಮ ಲೆಕ್ಕದಲ್ಲಿ ಒಂದರಿಂದ ಎರಡು ಲಕ್ಷದ ಆಸುಪಾಸು ಹೋಗುತ್ತದೆ. ನೇಪಾಳದ ಹಳೇ ಶಸ್ತ್ರಾಗಾರ ಒಂದನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಇಡಿಯಾಗಿ ಕೊಂಡು ಸಾವಿರಾರು ಕೋವಿ ಮಾರುಕಟ್ಟೆಗೆ ಬಿಟ್ಟರು, ಈ ಜಾತಿಯ ಕೋವಿ ಅಲ್ಲಿ ಅಪರೂಪವೂ ಅಲ್ಲ. ಆದರೆ ಆ ಬೆಲೆ ಓದಿ ಸಂತೋಷಪಡಬಹುದು, ಅಷ್ಟೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೀವು ದೇಶದ ಹೊರಗೆ ಕಳಿಸುವಂತಿಲ್ಲ. ಇಲ್ಲಿ ಕೊಳ್ಳುವವರಿಗೂ ಲೈಸೆನ್ಸ್ ಬೇಕು, ಮಾರುವ ಮೊದಲು ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಬೆಳೆ ಕಾಯಲು ಲೈಸೆನ್ಸ್ ಇರುವವರು ಹಗುರದ, ಗಟ್ಟಿಯಾದ, ಬಿಡಿಭಾಗ ಸಿಗುವ ಕೋವಿ ಹುಡುಕುತ್ತಾರೆ, ನಾಲ್ಕು ಕೆ.ಜಿ. ಮೇಲೆ ತೂಗುವ ನಿಮ್ಮ ಸಿಪಾಯಿ ಮಸ್ಕೆಟ್ ಅವರಿಗೆ ಭಾರ. ನಾನು ಕಂಡ ಮಟ್ಟಿಗೆ ಕಾಗದ ಸರಿ ಇರುವ ಇಂಥ ಕೋವಿಗೆ ಡೀಲರ್ ಕೊಡುವುದು ಕೆಲವು ಸಾವಿರ. ರೆಜಿಮೆಂಟಿನ ಗುರುತು ಓದಲು ಬಂದು, ಮರ ಮೂಲದ್ದೇ ಆಗಿದ್ದು, ಆಸಕ್ತಿ ಇರುವ ಸಂಗ್ರಾಹಕರು ಸಿಕ್ಕರೆ ಅದಕ್ಕಿಂತ ಎಷ್ಟೋ ಹೆಚ್ಚು. ಕಾಗದ ಇಲ್ಲದಿದ್ದರೆ ಸೊನ್ನೆ.

ಈಡು ಹೊಡೆಯುವ ವಿಷಯಕ್ಕೆ ನನ್ನ ಉತ್ತರ ಬೇಡ. ಲೈಸೆನ್ಸ್ ಬಂದರೂ ಬೇಡ. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ, ನಳಿಗೆಯ ಬುಡದಲ್ಲಿ, ಮದ್ದು ಸುಟ್ಟು ಉಳಿದ ಉಪ್ಪು ಒಳಗಿಂದ ತಿಂದ ಹಳ್ಳಗಳು ಕಾಣುವುದಿಲ್ಲ. ಸಿಡಿಯುವುದು ಅಲ್ಲೇ, ಎಡಗೈ ಇರುವುದೂ ಅದರ ಹತ್ತಿರವೇ, ಮುಖವೂ ದೂರ ಇಲ್ಲ. ತೋಟೆ ಒಡೆದು ಅದರ ಮದ್ದು ತುಂಬಿದರಂತೂ ಮುಗಿದೇ ಹೋಯ್ತು, ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡ ತಡೆಯಲು ಈ ನಳಿಗೆ ಹುಟ್ಟಿದ್ದೇ ಅಲ್ಲ. ಮಂಗಕ್ಕೆ ಬೇರೆ ಉಪಾಯ ಹುಡುಕಿ.

ತುಕ್ಕಿಗೆ ಮರಳು ಕಾಗದ ಬೇಡ, ಆಸಿಡ್ ಬೇಡ. ಠೇವಣಿ ಇಡುವ ತನಕ ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಕಬ್ಬಿಣಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆ ತೆಳ್ಳಗೆ ಸವರಿ, ಸಾಕು. ಸ್ಕ್ರೂ ಬಿಚ್ಚಬೇಡಿ. ಗೋಣಿಚೀಲದಲ್ಲಿ ಮತ್ತೆ ಸುತ್ತಬೇಡಿ, ಮಲೆನಾಡಿನ ಮಳೆಗಾಲದಲ್ಲಿ ಗೋಣಿ ನೀರು ಎಳೆದುಕೊಂಡು ಕೂತಿರುತ್ತದೆ.

ಖಾಲಿ ಇದೆ ಅಂತ ಖಚಿತ ಆದಮೇಲೆ, ಠಾಣೆಗೆ ಒಪ್ಪಿಸುವ ಮೊದಲೇ ನಾಲ್ಕು ಫೋಟೋ ತೆಗೆದಿಡಿ: ಲಾಕ್ ಪ್ಲೇಟು, ನಳಿಗೆಯ ಬುಡದ ಎಡಗಡೆ, ಗುರಿ ನೋಡುವ ಜಾಗ, ಹಿತ್ತಾಳೆ ತಗಡಿನ ಮೇಲ್ಭಾಗ. ಫ್ಲಾಶ್ ಹಾಕದೆ, ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹಾಗೆ ಹಿಡಿದರೆ ಸವೆದ ಅಂಕಿಯೂ ನೆರಳಲ್ಲಿ ಎದ್ದು ಕಾಣುತ್ತದೆ. ಅದರಲ್ಲಿ ಬಾಣದ ಗುರುತು ಒಂದಿದೆಯೋ ಎರಡಿದೆಯೋ ನೋಡಿ ಬರೆಯಿರಿ, ಮುಂದಿನದ್ದು ಹೇಳುತ್ತೇನೆ.